ಪುಸ್ತಕದ ಒಳಗಿರುವವರ ಪರವಾಗಿ ಯಾರು ಓದಬೇಕು?

ಕಾಫಿ ಕೊಯ್ಲು ಮುಗಿಯುತ್ತಿದ್ದ ಹೊತ್ತಿಗೆ ಒಂದು ಮೆಸೇಜ್ ಬಂತು. ಹೊಸ ಕನ್ನಡ ಫ್ಯಾಂಟಸಿ ಕಾದಂಬರಿ ಬಂದಿದೆ, ಪುಸ್ತಕ ಕಳಿಸುತ್ತೇವೆ, ಒಂದು ಬರಹ ಮತ್ತು ಒಂದು ರೀಲ್ ಮಾಡಿಕೊಡಿ, ಅದಕ್ಕೆ ಇಷ್ಟು ದುಡ್ಡು ಅಂತ. ಕಳಿಸಿದವರು ಲೇಖಕರೂ ಅಲ್ಲ, ಪ್ರಕಾಶಕರೂ ಅಲ್ಲ. ಪ್ರಚಾರದ ಕೆಲಸ ವಹಿಸಿಕೊಂಡ ಒಂದು ಸಣ್ಣ ಏಜೆನ್ಸಿಯವರು. ತುಂಬ ಮರ್ಯಾದೆಯಿಂದಲೇ ಬರೆದಿದ್ದರು. ಷರತ್ತುಗಳೂ ಇದ್ದವು. ಕಥೆಯ ಗುಟ್ಟು ಬಿಟ್ಟುಕೊಡಬಾರದು. ತಪ್ಪು ಹುಡುಕುವ ಮಾತು ಬೇಡ. ಮತ್ತೆ, ದುಡ್ಡು ಕೊಟ್ಟಿದ್ದನ್ನು ಎಲ್ಲೂ ಹಾಕಬಾರದು. ಯಾಕೆ ಅಂತ ಕೇಳಿದೆ. 'ಓದುಗರಿಗೆ ನಂಬಿಕೆ ಬರಲ್ಲ ಮೇಡಂ' ಅಂದರು. ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಅವರಿಗೆ ಬೇಕಿದ್ದದ್ದು ಓದುಗರ ನಂಬಿಕೆಯೇ. ಅದನ್ನು ಇಟ್ಟುಕೊಂಡವಳು ನಾನು, ಮಾರಿಕೊಡಬೇಕಾದವಳೂ ನಾನು.

ಮೊದಲು ಓದುತ್ತೇನೆ, ಆಮೇಲೆ ಹೇಳುತ್ತೇನೆ ಅಂದೆ. ಪುಸ್ತಕ ಬಂತು. ಮೊದಲ ಐದಾರು ಅಧ್ಯಾಯ ನಿಜಕ್ಕೂ ಚೆನ್ನಾಗಿದ್ದವು. ಬೆಟ್ಟದ ಮೇಲೊಂದು ರಾಜ್ಯ. ಆಷಾಢದ ಮಳೆ, ಬೆಳಗ್ಗೆ ಹತ್ತು ಗಂಟೆಯಾದರೂ ಬಿಡದ ಮಂಜು, ಇಂಬಳ ಕಚ್ಚಿದ ಕಾಲು, ಒಲೆಯ ಮೇಲೆ ಒಣಗಲು ಹಾಕಿದ ಬಟ್ಟೆಯ ವಾಸನೆ. ಇದನ್ನು ಬರೆದವರು ನಮ್ಮ ಕಡೆ ಒಂದು ಮಳೆಗಾಲವಾದರೂ ಕಳೆದಿರಬೇಕು ಅನ್ನಿಸಿತು. ಕನ್ನಡದಲ್ಲಿ ಇಂಥ ಪುಸ್ತಕ ಬೇಕು ಅಂತ ಕಾಯುವ ಮಂದಿಯಲ್ಲಿ ನಾನೂ ಒಬ್ಬಳು. ಆದ್ದರಿಂದ ಖುಷಿಯಿಂದ ಓದುತ್ತಾ ಹೋದೆ.

ಆಮೇಲೆ ಕಾಡಿನವರು ಬಂದರು. ಕಪ್ಪು ಮೈ, ಚಪ್ಪಟೆ ಮೂಗು, ಗುಂಗುರು ಕೂದಲು, ಕೆಂಪು ಕಣ್ಣು. ಅವರಲ್ಲಿ ಒಬ್ಬರಿಗೂ ಹೆಸರಿಲ್ಲ. ಮಾತಾಡುವುದಿಲ್ಲ, ಕೂಗುತ್ತಾರೆ. ಕುಡಿಯುತ್ತಾರೆ, ಕುಣಿಯುತ್ತಾರೆ, ರಾತ್ರಿ ಬಂದು ಊರಿನ ಧಾನ್ಯ ಕದಿಯುತ್ತಾರೆ. ರಾಜಕುಮಾರ ಬೆಳ್ಳಗೆ, ನೀಳ ಮೂಗು. ಅವನು ಆನೆಗಳ ಪಡೆ ಕಟ್ಟಿಕೊಂಡು ಬಂದ ಕೂಡಲೇ ಕಾಡಿನವರು ಆನೆ ಕಂಡು ಹೆದರಿ ಚೆಲ್ಲಾಪಿಲ್ಲಿಯಾಗಿ ಓಡುತ್ತಾರೆ. ಎಷ್ಟೋ ಜನ ಸಾಯುತ್ತಾರೆ. ಸತ್ತವರ ಬಗ್ಗೆ ಒಂದು ಸಾಲೂ ಇಲ್ಲ.

ಪುಸ್ತಕದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದವನು ಚಿಕ್ಕ ಹುಡುಗ, ಮೊದಲ ಪುಸ್ತಕ. ಅವನೊಬ್ಬನ ತಪ್ಪು ಅಂತ ಹೇಳಿ ಮುಗಿಸುವ ವಿಷಯವೂ ಅಲ್ಲ ಇದು.

ದುಡ್ಡು ಬೇಡ ಅಂದೆ. ಅಷ್ಟರಲ್ಲಿ ಬೇರೆಯವರ ಪೋಸ್ಟುಗಳು ಬರಲು ಶುರುವಾಗಿದ್ದವು. ನಾನು ಕಂಡಷ್ಟನ್ನೂ ಕೂತು ಓದಿದೆ. ಅವರು ಬರೆದದ್ದರಲ್ಲಿ ಸುಳ್ಳು ಜಾಸ್ತಿ ಇರಲಿಲ್ಲ. ಮಳೆಯ ವರ್ಣನೆ ಚೆನ್ನಾಗಿದೆ ಅಂದಿದ್ದರು. ಅದು ನಿಜ. ಯುದ್ಧದ ಭಾಗ ಉಸಿರು ಬಿಗಿಹಿಡಿದು ಓದಿಸುತ್ತದೆ ಅಂದಿದ್ದರು. ಅದೂ ನಿಜವೇ. ಕಾಡಿನವರ ಬಗ್ಗೆ ಮಾತ್ರ ಯಾರೂ ಒಂದು ಮಾತು ಬರೆದಿರಲಿಲ್ಲ. ಅವರ್‍ಯಾರಿಗೂ ಕಾಣಲಿಲ್ಲ ಅಂತ ನಾನು ಹೇಳಲಾರೆ. ಕಂಡವರೂ ಇರಬಹುದು. ಆದರೆ ತಪ್ಪು ಹುಡುಕುವ ಮಾತು ಬೇಡ ಅನ್ನುವುದು ಷರತ್ತೇ ಆಗಿದ್ದರೆ, ಕಂಡರೂ ಬಾಯಿ ಮುಚ್ಚಿಕೊಳ್ಳಬೇಕಲ್ವಾ?

ಹಣ ಕೊಟ್ಟು ಮಾಡಿಸುವ ಪ್ರಚಾರ ಮತ್ತು ಕಥೆಯೊಳಗೆ ಜನರನ್ನು ಹೀಗೆ ಚಿತ್ರಿಸುವುದು, ಇವೆರಡನ್ನೂ ಬೇರೆ ಬೇರೆ ವಿಷಯ ಅಂತ ತಿಳಿದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಆನೆಗೆ ಹೆದರುವ ಕಾಡಿನವರು

ನಾನಿರುವುದು ಕೊಡಗಿನ ಪೊನ್ನಂಪೇಟೆ ಕಡೆ. ನಮ್ಮ ಚಿಕ್ಕ ತೋಟದ ಹಿಂದೆ ಕೆಲಸದವರ ಲೈನ್ ಮನೆಗಳಿವೆ. ಅಲ್ಲಿರುವವರು ಯರವ ಬುಡಕಟ್ಟಿನವರು. ತಿತಿಮತಿ ದಾಟಿ ನಾಗರಹೊಳೆ ಕಡೆಗೆ ಹೋದರೆ ರಸ್ತೆಯ ಎರಡೂ ಬದಿಯಲ್ಲಿ ಜೇನು ಕುರುಬರ, ಬೆಟ್ಟ ಕುರುಬರ ಹಾಡಿಗಳು, ಅಂದರೆ ಬುಡಕಟ್ಟು ಜನರ ಕೇರಿಗಳು. ಅದೇ ದಾರಿಯಲ್ಲಿ ಮತ್ತಿಗೋಡು ಆನೆ ಶಿಬಿರ ಇದೆ. 2020ರಿಂದ ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಆ ಶಿಬಿರದ ಆನೆ. ಮತ್ತಿಗೋಡಿನಲ್ಲಿ, ದುಬಾರೆಯಲ್ಲಿ ಆ ಆನೆಗಳನ್ನು ನೋಡಿಕೊಳ್ಳುವ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಹೆಚ್ಚಿನವರು ಜೇನು ಕುರುಬರು. ಕಾಫಿ ತೋಟಕ್ಕೆ ಕಾಡಾನೆ ನುಗ್ಗಿ ಜನ ಸತ್ತಾಗ, ಆ ಆನೆಯನ್ನು ಹಿಡಿಯಬೇಕು ಅಂದಾಗ, ಸಾಕಾನೆಯ ಬೆನ್ನ ಮೇಲೆ ಕೂತು ಮುಂದೆ ಹೋಗುವವರೂ ಅವರೇ. ಆನೆಯ ಕಿವಿಯ ಹಿಂದೆ ಕಾಲಿಟ್ಟು, ಒಂದು ಒತ್ತಡದಲ್ಲಿ, ಒಂದು ಸದ್ದಿನಲ್ಲಿ ಅದಕ್ಕೆ ವಿಷಯ ತಿಳಿಸುವ ವಿದ್ಯೆ ಅಪ್ಪನಿಂದ ಮಗನಿಗೆ ಬಂದದ್ದು.

ಈಗ ಆ ಕಾದಂಬರಿಯ ದೃಶ್ಯ ನೆನೆಸಿಕೊಳ್ಳಿ. ಅರಮನೆಯಲ್ಲಿ ಬೆಳೆದವನು ಆನೆ ಹತ್ತಿ ಬರುತ್ತಾನೆ. ಕಾಡಿನಲ್ಲೇ ಹುಟ್ಟಿದವರು ಆನೆ ನೋಡಿ ಕಿರುಚಿ ಓಡುತ್ತಾರೆ. ಇದರಿಂದ ನೋವಾಗುತ್ತದೆ ಅನ್ನುವುದು ಒಂದು ಮಾತು. ಅದಕ್ಕಿಂತ ಮೊದಲು, ಇದು ಕಥೆಯಾಗಿಯೇ ಸೋತಿದೆ. ಬರೆದವನು ಮಳೆಯನ್ನು ನೋಡಿದ್ದಾನೆ, ಇಂಬಳವನ್ನು ನೋಡಿದ್ದಾನೆ, ಒದ್ದೆ ಬಟ್ಟೆಯ ವಾಸನೆ ಹಿಡಿದಿದ್ದಾನೆ. ಮನುಷ್ಯರನ್ನು ಮಾತ್ರ ನೋಡಿಲ್ಲ. ಮನುಷ್ಯರ ವಿಷಯ ಬಂದಾಗ ಎಲ್ಲಿಂದಲೋ ಸಿದ್ಧವಾಗಿ ಸಿಕ್ಕಿದ್ದನ್ನು ತಂದು ಇಟ್ಟಿದ್ದಾನೆ.

'ಇದು ಕಲ್ಪನೆ, ಇದರಲ್ಲಿ ಬರುವ ರಾಜ್ಯವೂ ಇಲ್ಲ, ಜನರೂ ಇಲ್ಲ' ಅಂತ ಹೇಳುವವರಿದ್ದಾರೆ. ಆದರೆ ರಾಜ್ಯಕ್ಕೆ ಹೊಸ ಹೆಸರಿಟ್ಟ ಕೂಡಲೇ ಎಲ್ಲವೂ ಹೊಸದಾಗುವುದಿಲ್ಲ. ಇಡೀ ಒಂದು ಲೋಕವನ್ನೇ ಕಟ್ಟುವ ಸ್ವಾತಂತ್ರ್ಯ ಇದ್ದಾಗಲೂ, ಕೆಟ್ಟವರಿಗೆ ಮುಖ ಕೊಡಬೇಕಾಗಿ ಬಂದರೆ ನಮ್ಮ ಕೈ ಅದೇ ಮುಖಕ್ಕೆ ಹೋಗುತ್ತದೆ. ಡ್ರ್ಯಾಗನ್ನಿಗೆ ಹೊಸ ಬಣ್ಣ ಹುಡುಕುವವರು ಕಳ್ಳನಿಗೆ ಹೊಸ ಮುಖ ಹುಡುಕುವುದಿಲ್ಲ.

ಕ್ರೆಯಾನ್ ಡಬ್ಬಿ

ಹಾಡಿಯ ಮಕ್ಕಳು ಇರುವ ಒಂದು ಹಾಸ್ಟೆಲಿಗೆ ಆಗಾಗ ಕಥೆ ಓದಲು ಹೋಗುತ್ತೇನೆ. ಒಂದು ಮಧ್ಯಾಹ್ನದ ವಿಷಯ ಇಲ್ಲಿ ಹೇಳಲೇಬೇಕು.

ಅವತ್ತು ಒಂದು ಮಾಂತ್ರಿಕನ ಕಥೆ ಓದಿ, ಕಥೆಯಲ್ಲಿ ಬಂದವರನ್ನು ಬರೆಯಿರಿ ಅಂತ ಕಾಗದ, ಕ್ರೆಯಾನ್ ಕೊಟ್ಟಿದ್ದೆ. ಕಥೆಯಲ್ಲಿ ಯಾರ ಮೈಬಣ್ಣವನ್ನೂ ಹೇಳಿರಲಿಲ್ಲ, ಅದನ್ನು ನೋಡಿಯೇ ಆರಿಸಿದ್ದೆ. ಹೊರಗೆ ಮಳೆ. ಒಳಗೆ ಚಾಪೆ ಹಾಸಿಕೊಂಡು ಮಕ್ಕಳೆಲ್ಲ ಬೋರಲಾಗಿ ಮಲಗಿ ಬರೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಮೂಲೆಯಲ್ಲಿ ಜಗಳ ಶುರುವಾಯಿತು. ತಿಳಿ ಗುಲಾಬಿ ಬಣ್ಣದ ಕ್ರೆಯಾನ್ ಯಾರ ಹತ್ತಿರ ಇದೆ, ಅದು ತನಗೆ ಯಾವಾಗ ಸಿಗುತ್ತದೆ ಅಂತ. ಡಬ್ಬಿಯಲ್ಲಿ ಅದು ಒಂದೇ ಇತ್ತು. ಉಗುರಿನಷ್ಟು ಸವೆದುಹೋಗಿತ್ತು. ಒಬ್ಬಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ರಾಜಕುಮಾರಿಯ ಕೈ ಇನ್ನೂ ಬಾಕಿ ಇದೆ, ಕೊಡಲ್ಲ ಅಂತ ಹಟ ಹಿಡಿದಿದ್ದಳು. ಇನ್ನೊಬ್ಬ ಕಾದು ಕಾದು ಬೇಜಾರಾಗಿ ರಾಜಕುಮಾರನ ಮುಖವನ್ನು ಕಾಗದದ ಬಿಳಿಯಲ್ಲೇ ಬಿಟ್ಟಿದ್ದ. ಮಾಂತ್ರಿಕನಿಗೆ ಮಾತ್ರ ಕಪ್ಪು ಬಣ್ಣವನ್ನು ಒತ್ತಿ ಒತ್ತಿ ತುಂಬಿದ್ದ. ಮೂಗು ಅಗಲವಾಗಿ, ಹಲ್ಲು ಹೊರಗೆ.

'ಮಾಂತ್ರಿಕ ಕಪ್ಪಗಿದ್ದ ಅಂತ ಕಥೆಯಲ್ಲಿ ಇತ್ತಾ?' ಅಂತ ಕೇಳಿದೆ. ಅವನು ನನ್ನ ಮುಖ ನೋಡಿದ. 'ಅವನು ಕೆಟ್ಟವನು ಅಲ್ವಾ ಮಿಸ್' ಅಂದ. ಇಷ್ಟು ಗೊತ್ತಿರುವ ವಿಷಯವನ್ನು ಯಾಕೆ ಕೇಳ್ತಾ ಇದ್ದೀರಿ ಅನ್ನುವ ಹಾಗಿತ್ತು ಅವನ ದನಿ. ಅವನ ಪಕ್ಕದಲ್ಲಿ ಅವನ ತಂಗಿ ಕೂತಿದ್ದಳು. ಇಬ್ಬರ ಕೂದಲೂ ಗುಂಗುರು. ಅಣ್ಣನ ಚಿತ್ರ ನೋಡಿ ತಾನೂ ಹಾಗೇ ಬರೆಯುತ್ತಿದ್ದಳು.

ಮನೆಗೆ ಬಂದ ಮೇಲೆ ಆ ಹುಡುಗ ಇದನ್ನು ಎಲ್ಲಿ ಕಲಿತ ಅಂತ ಯೋಚಿಸಿದೆ. ಒಂದು ಪುಸ್ತಕದಿಂದ ಅಲ್ಲ. ಟಿವಿ, ಕಾರ್ಟೂನು, ಪಠ್ಯದ ಚಿತ್ರಗಳು, ಬಸ್ ಸ್ಟ್ಯಾಂಡಿನ ಜಾಹೀರಾತು. ಮಡಿಕೇರಿ ದಸರೆಯ ದಶಮಂಟಪ, ಅಂದರೆ ದೇವರು ಅಸುರರನ್ನು ಕೊಲ್ಲುವ ಕಥೆ ತೋರಿಸುವ ಸ್ತಬ್ಧಚಿತ್ರಗಳನ್ನು ನೋಡಲು ನಾವೆಲ್ಲ ವಿಜಯದಶಮಿಯ ರಾತ್ರಿ ಚಳಿಯಲ್ಲಿ ಬೆಳಗಿನ ತನಕ ನಿಲ್ಲುತ್ತೇವೆ. ಆ ಹತ್ತು ಮಂಟಪಗಳಿಗಾಗಿ ನಮ್ಮ ಹುಡುಗರು ತಿಂಗಳುಗಟ್ಟಲೆ ದುಡಿಯುವುದು ನನಗೆ ಗೊತ್ತು, ಆ ಕೈಚಳಕದ ಮೇಲೆ ನನಗೆ ತುಂಬ ಪ್ರೀತಿ ಇದೆ. ಆದರೂ ಅಲ್ಲಿ ಸಾಯುವ ಅಸುರನ ಮೈಬಣ್ಣ ಯಾವುದು, ಕೂದಲು ಹೇಗಿರುತ್ತದೆ ಅಂತ ನೋಡಿದವರಿಗೆಲ್ಲ ಗೊತ್ತು. ಅಪ್ಪನ ಹೆಗಲ ಮೇಲೆ ಕೂತು ನೋಡುವ ಮಗು ಅದನ್ನೂ ನೋಡಿಯೇ ನೋಡುತ್ತದೆ.

ಮೂಗಿನ ಅಳತೆ

ಈ ಚಪ್ಪಟೆ ಮೂಗು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಬೇಜಾರಿನ ವಿಷಯಗಳು ಸಿಗುತ್ತವೆ. ಬ್ರಿಟಿಷರ ಕಾಲದಲ್ಲಿ ನಮ್ಮ ಜನರ ಮೂಗನ್ನು ನಿಜವಾಗಿಯೂ ಅಳೆದಿದ್ದಾರೆ. ಅಗಲವನ್ನು ಎತ್ತರದಿಂದ ಭಾಗಿಸಿ, ನೂರರಿಂದ ಗುಣಿಸಿ ಒಂದು ಅಂಕಿ ತೆಗೆಯುತ್ತಿದ್ದರು. 1901ರ ಜನಗಣತಿ ನಡೆಸಿದ ಹರ್ಬರ್ಟ್ ರಿಸ್ಲಿ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಹೋಗುತ್ತದೆ ಅಂತ ವಾದಿಸಿದ ಮನುಷ್ಯ. ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ತಂದರು. ಅದರಲ್ಲೂ ಇಂಥ ಅಳತೆಗಳಿವೆ. ಮೂಗು ಅಳೆದು ಮನುಷ್ಯರ ಬೆಲೆ ಹೇಳುವ ಆ ವಿಜ್ಞಾನ ಸುಳ್ಳು ಅಂತ ಆಮೇಲೆ ಬಿದ್ದುಹೋಯಿತು. ಕಥೆಗಳಲ್ಲಿ ಮಾತ್ರ ಅದು ಇನ್ನೂ ನಡೆಯುತ್ತಿದೆ. ಮೂಗಿನ ವರ್ಣನೆ ಓದಿದ ಕೂಡಲೇ ಇವನು ಒಳ್ಳೆಯವನೋ ಕೆಟ್ಟವನೋ ಅಂತ ನಮಗೆ ಗೊತ್ತಾಗಿಬಿಡುತ್ತದೆ.

ಇಂಗ್ಲಿಷ್ ಫ್ಯಾಂಟಸಿಯಲ್ಲಿ ಇದಕ್ಕೆ ಬರಹದಲ್ಲೇ ಸಾಕ್ಷಿ ಇದೆ. 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ 1958ರಲ್ಲಿ ಬರೆದ ಒಂದು ಪತ್ರದಲ್ಲಿ, ತನ್ನ ಕಥೆಯ ಶತ್ರು ಸೈನಿಕರಾದ ಓರ್ಕ್‌ಗಳು ಹೇಗಿರುತ್ತಾರೆ ಅಂತ ಹೇಳಿದ್ದಾರೆ. ಕುಳ್ಳು, ಅಗಲ ಮೈ, ಚಪ್ಪಟೆ ಮೂಗು, ಹಳದಿ ಛಾಯೆಯ ಚರ್ಮ, ಅಗಲ ಬಾಯಿ, ಓರೆ ಕಣ್ಣು. ಯುರೋಪಿನವರ ಕಣ್ಣಿಗೆ ಚೆಂದ ಕಾಣದ ಮಂಗೋಲ್ ಮುಖಗಳ ಇನ್ನೂ ವಿಕಾರವಾದ ರೂಪ ಅಂತಲೂ ಸೇರಿಸಿದ್ದಾರೆ. ಇದೇ ಮನುಷ್ಯ 1938ರಲ್ಲಿ, ಜರ್ಮನಿಯ ಪ್ರಕಾಶಕರು ನೀವು ಆರ್ಯರೋ ಅಂತ ಕೇಳಿದಾಗ ಸಿಟ್ಟಾದವರು. ಜನಾಂಗದ ಹೆಸರಿನಲ್ಲಿ ನಡೆಯುವ ದ್ವೇಷವನ್ನು ಕಂಡರೆ ಆಗದವರು. ಅಂಥವರ ಕೈಯಿಂದಲೂ ಈ ಮುಖ ಬಂತು.

ಕುಶಾಲನಗರದಲ್ಲಿ ಓಡಾಡುವವರು ಆ ಸಾಲನ್ನು ಓದಿದರೆ ಒಂದು ಕ್ಷಣ ನಿಲ್ಲಲೇಬೇಕು. ಹೊಳೆ ದಾಟಿದರೆ ಬೈಲಕುಪ್ಪೆ. 1960ರ ದಶಕದ ಶುರುವಿನಿಂದ ಟಿಬೆಟಿನವರು ಅಲ್ಲಿ ಮುಸುಕಿನ ಜೋಳ ಬೆಳೆಯುತ್ತಾ, ಸ್ವೆಟರ್ ಮಾರುತ್ತಾ, ಮಕ್ಕಳನ್ನು ಓದಿಸುತ್ತಾ ಬದುಕುತ್ತಿದ್ದಾರೆ. ನಮ್ಮ ಜೊತೆ ಒಂದೇ ಬಸ್ಸಿನಲ್ಲಿ ನೂಕಾಡಿಕೊಂಡು ಬರುವವರು, ತರಕಾರಿ ಅಂಗಡಿಯಲ್ಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುವವರು. ಆ ವರ್ಣನೆಯನ್ನು ಹತ್ತನೇ ಕ್ಲಾಸಿನ ಟಿಬೆಟನ್ ಹುಡುಗಿಯೊಬ್ಬಳು ಓದುತ್ತಾಳೆ ಅಂತ ಅಂದುಕೊಳ್ಳಿ. ಅವಳೂ ನನ್ನ ಹಾಗೆ ಆ ಲೋಕದೊಳಗೆ ಮುಳುಗಿರುತ್ತಾಳೆ, ಒಳ್ಳೆಯವರ ಜೊತೆ ಬೆಟ್ಟ ಹತ್ತುತ್ತಿರುತ್ತಾಳೆ. ಹಾಗೆ ಹತ್ತುತ್ತಿರುವಾಗಲೇ ಎದುರಿಂದ ಬರುವ ಶತ್ರುವಿಗೆ ತನ್ನ ಅಜ್ಜನ ಮುಖ.

ಬೇರೆ ಥರ ಬರೆದವರೂ ಇದ್ದರು. ಉರ್ಸುಲಾ ಲೆ ಗ್ವಿನ್ 1968ರಲ್ಲೇ ತನ್ನ ಅರ್ಥ್‌ಸೀ ಪುಸ್ತಕದ ನಾಯಕನಿಗೆ ತಾಮ್ರದ ಕಂದು ಮೈಬಣ್ಣ ಕೊಟ್ಟರು. ಅಲ್ಲಿ ದಾಳಿ ಮಾಡಲು ಬರುವವರು ಬಿಳಿಯರು. ಆದರೆ 2004ರಲ್ಲಿ ಅದು ಟಿವಿಗೆ ಬಂದಾಗ ನಾಯಕನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದರು. ಲೆ ಗ್ವಿನ್ ಸುಮ್ನೆ ಇರಲಿಲ್ಲ, ಅದರ ವಿರುದ್ಧ ಎಲ್ಲರೂ ಓದುವ ಹಾಗೆ ಬರೆದರು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇಷ್ಟು. ಬರೆದವರೇ ಕಂದು ಬಣ್ಣ ಅಂತ ಸ್ಪಷ್ಟವಾಗಿ ಹೇಳಿದರೂ, ಮಾರುವ ಹಂತಕ್ಕೆ ಬಂದಾಗ ಬಣ್ಣ ಬದಲಾಯಿತು. ಕಥೆ ಓದುಗರ ಕೈಗೆ ಬರುವ ದಾರಿಯಲ್ಲಿ ಕೂತವರು ಏನು ಹೇಳುತ್ತಾರೆ, ಏನು ಹೇಳದೆ ಬಿಡುತ್ತಾರೆ ಅನ್ನುವುದೂ ಬರೆದವರ ಕೈಬರಹದಷ್ಟೇ ತೂಕದ ವಿಷಯ.

ಯಾರೋ ಬಾಯಿ ಬಿಟ್ಟಾಗ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ವರ್ಲ್ಡ್ ಫ್ಯಾಂಟಸಿ ಅವಾರ್ಡ್ ಗೆದ್ದವರಿಗೆ ಬಹಳ ವರ್ಷ ಲವ್‌ಕ್ರಾಫ್ಟ್ ಎಂಬ ಲೇಖಕರ ತಲೆಯ ಪ್ರತಿಮೆ ಕೊಡುತ್ತಿದ್ದರು. ಕಪ್ಪು ಜನರ ಬಗ್ಗೆ ತೀರಾ ಕೆಟ್ಟದಾಗಿ ಬರೆದವರು ಅವರು. ನೈಜೀರಿಯಾ ಮೂಲದ ನ್ನೆಡಿ ಒಕೊರಾಫೊರ್ 2011ರಲ್ಲಿ ಆ ಪ್ರಶಸ್ತಿ ಪಡೆದ ಮೇಲೆ ಈ ಬಗ್ಗೆ ಬರೆದರು, ಬೇರೆಯವರೂ ದನಿಗೂಡಿಸಿದರು. 2015ರಲ್ಲಿ ಆ ಪ್ರತಿಮೆಯನ್ನು ಕೈಬಿಟ್ಟರು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದವರು 2020ರಲ್ಲಿ, ಹುಟ್ಟಿನಿಂದಲೇ ಇಡೀ ಕುಲ ಕೆಟ್ಟದ್ದು ಅನ್ನುವಂತೆ ಓರ್ಕ್‌ಗಳನ್ನು ತೋರಿಸುವುದನ್ನು ತಿದ್ದುತ್ತೇವೆ ಅಂದರು. ಓದಿದವರು, ಆಡಿದವರು ವರ್ಷಗಟ್ಟಲೆ ಎತ್ತಿ ತೋರಿಸಿದ್ದರಿಂದ ಇದೆಲ್ಲ ಆಯಿತು. ಅವರ ಬಾಯಿಗೆಲ್ಲ ಮೊದಲೇ ದುಡ್ಡು ಕೊಟ್ಟಿದ್ದರೆ?

ಇದು ಹೊರಗಿನಿಂದ ಬಂದ ಚರ್ಚೆ, ನಮಗೆ ಯಾಕೆ ಅಂತ ಕೇಳುವವರಿಗೆ ನಾಗಚಂದ್ರನನ್ನು ನೆನಪಿಸಬೇಕು. ಸುಮಾರು ಒಂಬೈನೂರು ವರ್ಷದ ಹಿಂದೆ ಕನ್ನಡದಲ್ಲಿ ರಾಮಚಂದ್ರಚರಿತ ಪುರಾಣ ಬರೆದವನು. ಅವನು ಹಿಡಿದದ್ದು ಜೈನ ರಾಮಾಯಣದ ದಾರಿ. ಆ ದಾರಿಯಲ್ಲಿ ವಾನರರು ಕೋತಿಗಳಲ್ಲ. ಬಾವುಟದ ಮೇಲೆ ಕೋತಿಯ ಚಿತ್ರ ಇಟ್ಟುಕೊಂಡ ವಿದ್ಯಾಧರರು, ಅಂದರೆ ಮಂತ್ರವಿದ್ಯೆ ಬಲ್ಲ ಮನುಷ್ಯರು. ರಾಕ್ಷಸರೂ ಒಂದು ವಿದ್ಯಾಧರ ವಂಶ. ರಾವಣನಿಗೆ ಹತ್ತು ತಲೆ ಇಲ್ಲ, ಕೊರಳ ಹಾರದ ರತ್ನಗಳಲ್ಲಿ ಮುಖದ ಪ್ರತಿಬಿಂಬ ಬಿದ್ದು ಹಾಗೆ ಕಂಡಿತು ಅಂತ ಆ ಪರಂಪರೆ ಹೇಳುತ್ತದೆ. ಜನ ಬೇರೆ ಜನರನ್ನು ಯಾಕೆ ಪ್ರಾಣಿ ಅಂತ, ನರಭಕ್ಷಕ ಅಂತ ಕರೆಯುತ್ತಾರೆ ಅನ್ನುವ ಪ್ರಶ್ನೆಯನ್ನು ಆ ಕವಿಗಳು ಕೇಳಿಕೊಂಡರು. ನಾಗಚಂದ್ರನ ರಾವಣ ಕೊನೆಯಲ್ಲಿ ಪಶ್ಚಾತ್ತಾಪ ಪಡುವ ಮನುಷ್ಯ, ಅವನಿಗಾಗಿ ಓದುಗರ ಮನಸ್ಸು ಮರುಗುತ್ತದೆ. ನಮ್ಮ ಭಾಷೆಯಲ್ಲಿ ಇಷ್ಟು ಹಿಂದೆಯೇ ಇಂಥ ಕೆಲಸ ಆಗಿರುವಾಗ, ಈಗ ಬರೆಯುವವರು ಹೆಸರಿಲ್ಲದ ಕಪ್ಪು ಗುಂಪನ್ನು ತಂದು ಕೊಂದು ಮುಂದೆ ಹೋದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದುಡ್ಡಿನ ವಿಷಯ

ಪುಸ್ತಕಕ್ಕೆ ಪ್ರಚಾರ ಬೇಡ ಅಂತ ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಹೊಸಬರ ಪುಸ್ತಕ ಮಾರುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಕೊಡಗಿನಲ್ಲಂತೂ ಕನ್ನಡ ಪುಸ್ತಕ ಬೇಕು ಅಂದರೆ ಎಷ್ಟೋ ಸಲ ಮೈಸೂರಿಂದ ತರಿಸಬೇಕು. ಜಾಹೀರಾತು ಅಂತ ಹೇಳಿ ಜಾಹೀರಾತು ಹಾಕಲಿ, ದುಡ್ಡು ಕೊಡಲಿ, ತಪ್ಪೇನೂ ಇಲ್ಲ. ಮುನ್ನುಡಿ, ಬೆನ್ನುಡಿಯ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಹಿರಿಯರು ಪರಿಚಯದ ಹುಡುಗರಿಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡುತ್ತಾರೆ. ಆದರೆ ಅದು ಪುಸ್ತಕದ ಒಳಗೇ ಇರುತ್ತದೆ. ಓದುವವರಿಗೆ ಅದು ಮುನ್ನುಡಿ ಅಂತ ಗೊತ್ತು, ಅಷ್ಟಕ್ಕೆ ಬೇಕಾದಷ್ಟು ಬೆಲೆ ಕೊಟ್ಟು ಓದುತ್ತಾರೆ.

ಮುಚ್ಚಿಡುವುದು ಬೇರೆ. ಇದು ಹೊಸದೂ ಅಲ್ಲ. ಪುಸ್ತಕಗಳ ವಿಮರ್ಶೆಯನ್ನು ಡಜನ್ ಲೆಕ್ಕದಲ್ಲಿ ಮಾರುತ್ತಿದ್ದ ಒಬ್ಬರ ವ್ಯಾಪಾರದ ಬಗ್ಗೆ 2012ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ದೊಡ್ಡ ವರದಿ ಬಂದಿತ್ತು. ಒಂದಕ್ಕೆ 99 ಡಾಲರ್, ಐವತ್ತಕ್ಕೆ 999 ಡಾಲರ್. ನಮ್ಮ ದೇಶದಲ್ಲೂ ಈಗ ನಿಯಮ ಇದೆ. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. ದುಡ್ಡು ಮಾತ್ರ ಅಲ್ಲ, ಬಿಟ್ಟಿಯಾಗಿ ವಸ್ತು ಸಿಕ್ಕಿದ್ದರೂ ಹೇಳಬೇಕು. ನಿಮ್ಮ ಅಭಿಪ್ರಾಯ ಪೂರ್ತಿ ಪ್ರಾಮಾಣಿಕವಾಗಿದ್ದರೂ ಹೇಳಬೇಕು. ಹ್ಯಾಶ್‌ಟ್ಯಾಗುಗಳ ರಾಶಿಯಲ್ಲಿ ಹೂತಿಡುವ ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದ ತನಕ. ಇದು ಪ್ರಚಾರ ಮಾಡಿಕೊಟ್ಟವರಿಗೂ ತಾಗುತ್ತದೆ. ಪುಸ್ತಕದ ಪೋಸ್ಟುಗಳಲ್ಲಿ ಇದನ್ನು ಪಾಲಿಸುವವರು ನನಗೆ ಕಂಡದ್ದು ಕಡಿಮೆ. ಪುಸ್ತಕ ಅಲ್ವಾ, ಒಳ್ಳೆಯ ಕೆಲಸ ಅಲ್ವಾ ಅನ್ನುವ ಭಾವನೆ ಇರಬೇಕು.

ಈ ನಿಯಮಗಳು ಬೇಕು. ಆದರೆ ಇವೆಲ್ಲ ಕೊಳ್ಳುವವರನ್ನು ಕಾಯಲು ಬಂದವು. ನಾನು ಮುನ್ನೂರೋ ನಾನೂರೋ ಕೊಟ್ಟು ಪುಸ್ತಕ ಕೊಂಡರೆ ನನಗೆ ಮೋಸ ಆಗಬಾರದು, ಅಷ್ಟೇ ಅದರ ಲೆಕ್ಕ. ಮಾರುವವರು ಒಬ್ಬರು, ಕೊಳ್ಳುವವರು ಒಬ್ಬರು. ಪುಸ್ತಕದ ವಿಷಯದಲ್ಲಿ ಮೂರನೆಯವರೂ ಇದ್ದಾರೆ. ಅವರು ಪುಸ್ತಕ ಬರೆದಿಲ್ಲ, ಕೊಂಡಿಲ್ಲ, ಹಲವು ಸಲ ಅದು ಬಂದಿರುವುದೂ ಅವರಿಗೆ ಗೊತ್ತಿಲ್ಲ. ಅವರ ಮುಖ ಮಾತ್ರ ಅದರಲ್ಲಿದೆ. 'ಹಣ ಪಡೆದ ಪ್ರಚಾರ' ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆದರೆ ನನಗೆ ಆಗುವ ಮೋಸ ತಪ್ಪುತ್ತದೆ. ಹಾಸ್ಟೆಲಿನ ಆ ಹುಡುಗನಿಗೆ ಅದರಿಂದ ಏನೂ ಬದಲಾಗುವುದಿಲ್ಲ. ಅವನ ಪರವಾಗಿ ಮಾತಾಡಬೇಕಿದ್ದವರು ಓದಿದವರು. ಓದಿದವರು ಬಾಯಿ ಕಟ್ಟಿಕೊಂಡಿದ್ದಾರೆ.

ಈ ಮೌನದ ಬೆಲೆ ಕಥೆಯೊಳಗೆ ಮುಗಿಯುವುದಿಲ್ಲ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಬುಡಕಟ್ಟು ಜನರ ಗುಡಿಸಲು ಕೆಡವಿದಾಗ ಚಳಿಗೆ ಮಕ್ಕಳನ್ನು ತಬ್ಬಿಕೊಂಡು ಬಯಲಲ್ಲಿ ಕೂತವರನ್ನು ನಾವೆಲ್ಲ ನೋಡಿದ್ದೇವೆ. ಅವರು ಕುಡುಕರು, ಸೋಮಾರಿಗಳು, ಕಾಡು ಕಬಳಿಸುವವರು ಅಂತ ಆಗ ಎಷ್ಟು ಸುಲಭವಾಗಿ ಮಾತಾಡಿದರು! ಆ ಮಾತನ್ನು ಒಂದು ಕಾದಂಬರಿ ಹುಟ್ಟಿಸಿತು ಅಂತ ನಾನು ಹೇಳುವುದಿಲ್ಲ. ಹಾಗೆ ಮಾತಾಡುವಾಗ ನಾಲಿಗೆ ತಡವರಿಸದಿರಲು ಇಂಥ ನೂರು ಕಥೆಗಳ ಸಹಾಯ ಬೇಕಾಗುತ್ತದೆ, ಅಷ್ಟು ಮಾತ್ರ ನಂಬುತ್ತೇನೆ.

ಲೇಖಕನ ಫೋನು

ನಾನು ಯಾಕೆ ದುಡ್ಡು ಬೇಡ ಅಂದೆ ಅನ್ನುವುದನ್ನು ಏಜೆನ್ಸಿಯವರು ಲೇಖಕನಿಗೆ ಹೇಳಿದ್ದರು ಅಂತ ಕಾಣುತ್ತದೆ. ಅವನೇ ಫೋನ್ ಮಾಡಿದ. ಜಗಳಕ್ಕೆ ಬಂದ ಅಂತ ಅಂದುಕೊಂಡೆ. ಅವನು ಮೆತ್ತಗೆ, 'ಅಕ್ಕಾ, ನಾನು ಯಾರನ್ನೂ ಮನಸ್ಸಲ್ಲಿ ಇಟ್ಕೊಂಡು ಬರೆದಿಲ್ಲ' ಅಂದ. ಅದನ್ನು ನಂಬುತ್ತೇನೆ ಅಂದೆ. ಯಾರನ್ನೂ ಮನಸ್ಸಲ್ಲಿ ಇಟ್ಟುಕೊಳ್ಳದೆ ಬರೆದದ್ದೇ ತೊಂದರೆ ಆಯಿತಲ್ಲಪ್ಪ ಅಂತಲೂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಹಾಗಾದ್ರೆ ಕಾಡಿನವರ ಬಗ್ಗೆ ಬರೀಲೇಬಾರದಾ?' ಅಂತ ಕೇಳಿದ.

ಬರಿ ಅಂದೆ. ದೇವರಪುರದ ಕುಂಡೆ ಹಬ್ಬದ ಬಗ್ಗೆ ಹೇಳಿದೆ. ಮೇ ತಿಂಗಳಲ್ಲಿ ಹಾಡಿಗಳ ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬಡಿಯುತ್ತಾ ಅಂಗಡಿ, ಬಸ್ಸು, ಕಾರು ಒಂದೂ ಬಿಡದೆ ನಿಲ್ಲಿಸಿ ಕಾಸು ಕೇಳುತ್ತಾರೆ. ಎದುರಿಗೆ ಸಿಕ್ಕವರಿಗೆ ಬೈಗುಳ. ಕೊನೆಗೆ ದೇವಸ್ಥಾನಕ್ಕೆ ಹೋಗಿ ದೇವರಿಗೂ ಬೈಗುಳ. ಬೇಟೆಗೆ ಅಂತ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೋಗಿಬಿಟ್ಟ, ನಮ್ಮನ್ನು ಕಾಡಲ್ಲಿ ಬಿಟ್ಟ ಅನ್ನುವುದು ಅವರ ಕಥೆ. ಮಾತು ಕೊಟ್ಟು ತಪ್ಪಿದ ದೇವರನ್ನು ವರ್ಷಕ್ಕೊಂದು ಸಲ ನಿಲ್ಲಿಸಿ ಲೆಕ್ಕ ಕೇಳುವ ಜನ ಅವರು. ಹೊರಗಿನಿಂದ ನೋಡಿದವರು ಕುಡಿದು ಕುಣಿಯುವುದನ್ನು ಮಾತ್ರ ನೋಡಿ ಬರೆಯುತ್ತಾರೆ. ಇಷ್ಟು ದೊಡ್ಡ ಕಥೆ ಕಣ್ಣ ಮುಂದೆ ಇರುವಾಗ ಕೂಗುವ ಗುಂಪು ಯಾಕೆ ಬೇಕು ನಿನಗೆ ಅಂತ ಕೇಳಿದೆ.

ಇನ್ನೂ ಒಂದು ಮಾತು ಹೇಳಿದೆ. ಎರಡನೇ ಭಾಗ ಬರೆಯುತ್ತಿದ್ದಾನಂತೆ. ಪ್ರಚಾರಕ್ಕೆ ಇಡುವ ದುಡ್ಡಲ್ಲಿ ಒಂದು ಪಾಲನ್ನು, ಅಚ್ಚಿಗೆ ಹೋಗುವ ಮೊದಲು ಪುಸ್ತಕ ಓದುವ ಒಬ್ಬರಿಗೆ ಕೊಡು. ಹಾಡಿಯಲ್ಲಿ ಹುಟ್ಟಿ ಬೆಳೆದು, ಡಿಗ್ರಿ ಓದಿದವರು, ಪಾಠ ಹೇಳುವವರು ಈಗ ಇದ್ದಾರೆ. ಅವರು ಬೇಡ ಅಂದದ್ದನ್ನು ಕೇಳಿಸಿಕೋ. ಅವರ ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳು, ಹಾಕಿದರೆ ದುಡ್ಡು ಕೊಟ್ಟದ್ದನ್ನೂ ಪುಸ್ತಕದಲ್ಲೇ ಬರಿ. 'ಅದೂ ದುಡ್ಡು ಕೊಟ್ಟು ಓದಿಸಿದ ಹಾಗೇ ಆಯ್ತಲ್ವಾ ಅಕ್ಕಾ' ಅಂದ. ಒಳ್ಳೆಯ ಪ್ರಶ್ನೆ. ನಾನೂ ಯೋಚಿಸಿದ್ದೆ. ಅಲ್ಲಿ ತಪ್ಪು ಹೇಳಲೆಂದೇ ದುಡ್ಡು ಕೊಡುತ್ತೀಯ, ಅದೂ ತಿದ್ದಲು ಇನ್ನೂ ಸಮಯ ಇರುವಾಗ. ಏಜೆನ್ಸಿಯವರು ಕೊಡುತ್ತಿದ್ದದ್ದು ತಪ್ಪು ಹೇಳದಿರಲು. ಒಬ್ಬರು ಓದಿ ಒಪ್ಪಿದರೆ ಇಡೀ ಸಮುದಾಯ ಒಪ್ಪಿದ ಹಾಗೆ ಆಗುವುದಿಲ್ಲ ಅನ್ನುವುದನ್ನೂ ಹೇಳಿದೆ. ಅದು ಅವನಿಗೆ ಅಷ್ಟು ಹಿಡಿಸಲಿಲ್ಲ. ಹಾಗಿದ್ದರೆ ಇಷ್ಟೆಲ್ಲ ಮಾಡಿ ಏನು ಉಪಯೋಗ ಅಂದ. ನಿನ್ನ ಆನೆ ದೃಶ್ಯವಾದರೂ ಸರಿಯಾಗುತ್ತಿತ್ತು ಅಂದೆ.

ಆಮೇಲೆ ತಿತಿಮತಿ ಕಡೆಯ ಒಬ್ಬಳನ್ನು ಕೇಳಿದೆ. ಜೇನು ಕುರುಬರ ಮನೆಯವಳು. ಪಾಠ ಹೇಳುತ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಓದುತ್ತಾಳೆ. ಹೀಗೊಬ್ಬ ಹುಡುಗ ಇದ್ದಾನೆ, ಕಾಡಿನ ಅಧ್ಯಾಯಗಳನ್ನು ನಿನಗೆ ಕಳಿಸಬಹುದಾ ಅಂದೆ. ಅವಳು ತಕ್ಷಣ ಹೇಳಿದಳು: 'ಕಾಡಿನ ಅಧ್ಯಾಯ ಮಾತ್ರ ಆದ್ರೆ ಬೇಡ. ಇಡೀ ಪುಸ್ತಕ ಕಳಿಸ್ಲಿ. ಯುದ್ಧದ ಕಥೆ ನಂಗೆ ಇಷ್ಟ. ಅರಮನೆ ಭಾಗದಲ್ಲಿ ತಪ್ಪಿದ್ರೂ ಹೇಳ್ತೀನಿ.'